ಗಾಡಿ ಐತೇನ್ರಿ?



ಮೊನ್ನೆ ನಮ್ಮ ಸ್ಟುಡಿಯೋದಲ್ಲಿ ಹೊಸ ಎಲೆಕ್ಟ್ರಿಕ್ ಕಾರೊಂದರ ಸುದ್ದಿ ಓಡ್ತಾ ಇತ್ತು. ಡೆಸ್ಕಿನಲ್ಲಿದ್ದ ಹುಡುಗನೊಬ್ಬ ಕೇಳಿದ, "ಸರ್, ನಿಮ್ಮ ಮೊದಲ ಕಾರು ಯಾವುದು? ಅದರ ಬಗ್ಗೆ ಒಂದಿನ ಮಾತಾಡಿ, ಜನಕ್ಕೆ ಇಷ್ಟ ಆಗುತ್ತೆ." ನಿಜ, ಇಷ್ಟ ಆಗುತ್ತೆ. ಮೊದಲ ಕಾರಿನ ಕಥೆ ಯಾರಿಗೆ ಇಷ್ಟ ಇಲ್ಲ ಹೇಳಿ? ಎಷ್ಟೋ ವೇದಿಕೆಗಳಲ್ಲಿ ನಾನು ಅದನ್ನು ಹೇಳಿದ್ದೇನೆ, ಜನ ನಕ್ಕಿದ್ದಾರೆ, ಚಪ್ಪಾಳೆ ಹೊಡೆದಿದ್ದಾರೆ. ಆದರೆ ಒಂದು ಸತ್ಯ ಹೇಳಲಾ? ನಾನು ಆ ಕಥೆಯನ್ನು ಯಾವಾಗಲೂ ಅರ್ಧಕ್ಕೇ ನಿಲ್ಲಿಸುತ್ತೇನೆ. ನಗುವ ಭಾಗ ಮುಗಿದ ಕೂಡಲೇ ವಿಷಯ ಬದಲಿಸಿಬಿಡುತ್ತೇನೆ. ಇವತ್ತು ಪೂರ್ತಿ ಹೇಳ್ತೀನಿ. ಅದಕ್ಕಾಗಿ ನಿನ್ನೆ ರಾತ್ರಿ ಬೆಟಗೇರಿಗೆ ಫೋನ್ ಮಾಡಿ ಒಬ್ಬರ ಅಪ್ಪಣೆ ಕೇಳಿದ್ದೇನೆ. ಅವರು ಯಾರು, ಏನಂದರು ಅನ್ನೋದನ್ನು ಕೊನೆಗೆ ಹೇಳ್ತೀನಿ.

ನನ್ನೂರು ಲಕ್ಷ್ಮೇಶ್ವರ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ನಾನು ಪತ್ರಿಕೆಯ ವರದಿಗಾರನಾಗಿ ಗದಗಿಗೆ ಬಂದವನು. ಬಾಡಿಗೆ ಮನೆ ಹಿಡಿದದ್ದು ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ. ಬೆಳಗ್ಗೆ ಕಣ್ಣು ಬಿಡೋ ಹೊತ್ತಿಗೆ ಮಗ್ಗದ ಸದ್ದು, ರಾತ್ರಿ ಕಣ್ಣು ಮುಚ್ಚೋ ಹೊತ್ತಿಗೂ ಮಗ್ಗದ ಸದ್ದು. ಮೊದಮೊದಲು ನಿದ್ದೆ ಬರ್ತಿರಲಿಲ್ಲ. ಆಮೇಲಾಮೇಲೆ ಆ ಸದ್ದು ಇಲ್ಲದಿದ್ರೆ ನಿದ್ದೆ ಬರದ ಹಾಗಾಯ್ತು.

ಆಗ ನಮ್ಮ ಗದಗ ಜಿಲ್ಲೆಗೆ ಐದೇ ತಾಲೂಕು. ಗದಗ, ರೋಣ, ನರಗುಂದ, ಶಿರಹಟ್ಟಿ, ಮುಂಡರಗಿ. ಲಕ್ಷ್ಮೇಶ್ವರ ಇನ್ನೂ ಶಿರಹಟ್ಟಿ ತಾಲೂಕಿನ ಒಳಗೇ ಇತ್ತು. ವರದಿಗಾರ ಅಂದ್ರೆ ತಿರುಗಬೇಕಲ್ಲ? ಇವತ್ತು ಮುಂಡರಗಿಯಲ್ಲಿ ಉಳ್ಳಾಗಡ್ಡಿ ಬೆಲೆ ಬಿದ್ದು ರೈತರ ಧರಣಿ, ನಾಳೆ ಲಕ್ಷ್ಮೇಶ್ವರದಲ್ಲಿ ಸಭೆ, ನಾಡಿದ್ದು ಕಪ್ಪತಗುಡ್ಡದ ಗಣಿಗಾರಿಕೆ ಗಲಾಟೆ. ಗದಗಿನಿಂದ ಮುಂಡರಗಿ ಸುಮಾರು 40 ಕಿಲೋಮೀಟರ್, ಲಕ್ಷ್ಮೇಶ್ವರವೂ ಹೆಚ್ಚೂಕಡಿಮೆ ಅಷ್ಟೇ. ನನ್ನ ಹತ್ರ ಇದ್ದದ್ದು ಒಂದು ಹಳೇ ಸ್ಕೂಟರ್. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಕೊನೆಗೆ ಬೆನ್ನುನೋವು ಶುರುವಾದಾಗ ಮನೆಯವಳು ಅಂದಳು, "ಒಂದು ಗಾಡಿ ತಗೋರಿ. ಹಳೀದಾದ್ರೂ ಅಡ್ಡಿಯಿಲ್ಲ."

2004ರಲ್ಲಿ ತಗೊಂಡೆ. ಬಿಳಿ ಬಣ್ಣದ ಮಾರುತಿ 800. 1996ರ ಮಾಡೆಲ್. ಮೂರು ಸಿಲಿಂಡರ್, 796 ಸಿ.ಸಿ. ಎಂಜಿನ್, ನಾಲ್ಕು ಗೇರು. ಬೆಲೆ 85 ಸಾವಿರ ರೂಪಾಯಿ. ಅಪ್ಪ ಶೇಂಗಾ ಮಾರಿದ ದುಡ್ಡಿನಲ್ಲಿ 30 ಸಾವಿರ ಕೊಟ್ಟರು. ಉಳಿದದ್ದು ಸೊಸೈಟಿ ಸಾಲ. ನಮ್ಮ ಭಾಗದಲ್ಲಿ ಸೊಸೈಟಿ ಸಾಲ ಅಂದ್ರೆ ಅವಮಾನ ಅಲ್ಲ, ಹೆಮ್ಮೆ. ಯಾಕಂದ್ರೆ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಒಬ್ಬನ ಕಷ್ಟಕ್ಕೆ ನಾಲ್ಕು ಮಂದಿ ಕೂಡಿ ನಿಲ್ಲೋದು ಅನ್ನೋ ಪಾಠವನ್ನು ದೇಶಕ್ಕೇ ಹೇಳಿಕೊಟ್ಟ ಮಣ್ಣು ನಮ್ಮದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ನನ್ನನ್ನು ಚುಚ್ಚಲಿದೆ.

ಗಾಡಿಯ ನಂಬರು ಕೆಎ 25, ಅಂದ್ರೆ ಧಾರವಾಡ. ಗದಗಿನದ್ದು ಕೆಎ 26. ಗೆಳೆಯರು ಕೇಳೋರು, "ಏನಪಾ, ಗದಗಿನಾಗ ಇದ್ದು ಧಾರವಾಡದ ನಂಬರ್ ಯಾಕ?" ನಾನು ಹೇಳ್ತಿದ್ದೆ, "ನಮ್ಮ ಜಿಲ್ಲಾ ಹುಟ್ಟಿದ್ದು 1997ರಾಗ. ನನ್ನ ಗಾಡಿ ಜಿಲ್ಲಾಕ್ಕಿಂತ ಒಂದು ವರ್ಷ ಹಿರೇದು. ನಮಸ್ಕಾರ ಮಾಡ್ರಿ."

ಮಾರುತಿ 800 ಅಂದ್ರೆ ಸುಮ್ನೆ ಒಂದು ಕಾರಲ್ಲ ವೀಕ್ಷಕರೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ಹರ್ಪಾಲ್ ಸಿಂಗ್ ಅನ್ನೋರ ಕೈಗೆ ಕೊಟ್ಟರು. ಆಗ ಅದರ ಬೆಲೆ ಸುಮಾರು 50 ಸಾವಿರ ರೂಪಾಯಿ. ಆ ಮನುಷ್ಯ 2010ರಲ್ಲಿ ತೀರಿಕೊಳ್ಳೋವರೆಗೂ ಆ ಕಾರನ್ನು ಮಾರಲಿಲ್ಲ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲೋ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಕಾರುಗಳು ಕಾರ್ಖಾನೆಯಿಂದ ಹೊರಗೆ ಬಂದಿದ್ದವು. ಅಲ್ಲಿಯವರೆಗೆ ಕಾರು ಅಂದ್ರೆ ಸಾಹುಕಾರರದ್ದು, ಸರ್ಕಾರದ್ದು. ಮಾಸ್ತರ ಮಗನೂ ಕಾರು ತಗೋಬಹುದು ಅಂತ ತೋರಿಸಿದ್ದು ಈ ಪುಟ್ಟ ಗಾಡಿ.

ಮೊದಲ ಪೂಜೆ ಎಲ್ಲಿ ಮಾಡಿಸೋದು ಅನ್ನೋ ಪ್ರಶ್ನೆ ಬಂತು. ಗದಗಿನಲ್ಲೇ ವೀರನಾರಾಯಣ ಇದ್ದಾನೆ, ತ್ರಿಕೂಟೇಶ್ವರ ಇದ್ದಾನೆ. ಅಪ್ಪ ಒಪ್ಪಲಿಲ್ಲ. "ಲಕ್ಷ್ಮೇಶ್ವರಕ್ಕ ತಗೊಂಡು ಬಾ. ಸೋಮೇಶ್ವರನ ಗುಡ್ಯಾಗ ಶಿವ ಪಾರ್ವತಿ ಇಬ್ರೂ ನಂದಿ ಮ್ಯಾಲ ಕುಂತಾರ. ದೇವ್ರು ಗಾಡಿ ಹತ್ತಿ ಹೊಂಟ ಗುಡಿ ಅದು. ಗಾಡಿ ಪೂಜಾಕ್ಕ ಅದಕ್ಕಿಂತ ಛಲೋ ಜಾಗ ಯಾವುದೈತಿ?" ಅಂದರು. ಹೋದೆವು. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಬರುವಾಗ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ನಮಸ್ಕಾರ ಹಾಕಿ ಬಂದೆವು. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳೋ ಮಠ ಅದು. "ರಸ್ತೆ ಮ್ಯಾಲ ಯಾರ ದೇವ್ರು ಕಾಯ್ತಾನೋ ಯಾರಿಗೆ ಗೊತ್ತು" ಅಂತ ಅಮ್ಮ ಅಂದದ್ದು ಇವತ್ತೂ ನೆನಪಿದೆ. ನಾಲ್ಕು ಮಂದಿ ಕೂರೋ ಗಾಡಿಯಲ್ಲಿ ಅವತ್ತು ನಾವು ಕೂತದ್ದು ಎಂಟು ಮಂದಿ!

ಓಣಿಗೆ ಗಾಡಿ ಬಂದ ದಿನ ನೋಡಬೇಕಿತ್ತು ನೀವು. ಆರತಿ ತಗೊಂಡು ಬಂದವರೇ ಬೇರೆ, ಹಾರನ್ ಒತ್ತಿ ನೋಡೋಕೆ ಬಂದ ಹುಡುಗರೇ ಬೇರೆ. ಇಡೀ ಓಣಿಗೆ ಅದೊಂದೇ ಕಾರು. ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ನೇಯ್ಗೆಯವರು. ವಯಸ್ಸಾದ ಮೇಲೆ ಮಗ್ಗವನ್ನು ಮಗನಿಗೆ ಬಿಟ್ಟು ಮನೆ ಮುಂದಿನ ಕಟ್ಟೆ ಮೇಲೆ ಕೂತಿರ್ತಿದ್ದರು. ಗಾಡಿ ಬಂದ ದಿನದಿಂದ ಅವರೇ ಅದರ ಕಾವಲುಗಾರ. ಹುಡುಗರು ಹತ್ರ ಬಂದ್ರೆ ಕೋಲು ಎತ್ತೋರು. ಧೂಳು ಕೂತ್ರೆ ತಮ್ಮ ಹೆಗಲ ಮೇಲಿನ ವಸ್ತ್ರದಿಂದಲೇ ಒರೆಸೋರು. ಯಾರಾದ್ರೂ "ಯಾರದಜ್ಜಾ ಈ ಗಾಡಿ?" ಅಂತ ಕೇಳಿದ್ರೆ ನನ್ನ ಹೆಸರು ಹೇಳ್ತಿರಲಿಲ್ಲ. "ನಮ್ಮ ಓಣಿ ಗಾಡಿ" ಅಂತಿದ್ದರು. ನಮ್ಮ ಓಣಿ ಗಾಡಿ!

ಹಾಗೇ ಆಯ್ತು. ಸಂಜೆಯಾದ್ರೆ ಸಾಕು, ಬಾಗಿಲಲ್ಲಿ ಯಾರಾದರೊಬ್ಬರು. "ಗಾಡಿ ಐತೇನ್ರಿ?" ಬೆಟಗೇರಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದೇ ಇರಬೇಕು. ಮದುವೆ ಗಂಡನ್ನು ಕರೆತರೋದಕ್ಕೆ, ಬಾಣಂತಿಯನ್ನು ತವರಿಗೆ ಬಿಡೋದಕ್ಕೆ, ಪರೀಕ್ಷೆಗೆ ತಡವಾದ ಹುಡುಗಿಯನ್ನು ಸೆಂಟರಿಗೆ ಮುಟ್ಟಿಸೋದಕ್ಕೆ. ಪೆಟ್ರೋಲಿಗೆ ಅಂತ 50 ರೂಪಾಯಿ ಕೊಡೋಕೆ ಬರೋರು, ನಾನು ಬೇಡ ಅನ್ನೋನು, ಅವರು ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಹೋಗೋರು.

ಒಂದು ಚಳಿಗಾಲದಲ್ಲಿ ಅಜ್ಜ ಕೇಳಿದರು, "ತಮ್ಮಾ, ಮಾಗಡಿ ಕೆರಿಗೆ ಪರದೇಶದ ಹಕ್ಕಿ ಬರ್ತಾವಂತಲ್ಲ, ಒಮ್ಮೆ ತೋರ್ಸು." ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ನಿಮಗೆ ಗೊತ್ತಿರಬಹುದು, 2024ರಲ್ಲಿ ಅದಕ್ಕೆ ರಾಮ್ಸರ್ ತಾಣ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಕರ್ಕೊಂಡು ಹೋದೆ. ಮುಂದಿನ ಸೀಟಿನಲ್ಲಿ ಅಜ್ಜ, ಕಿಟಕಿಯ ಹೊರಗೆ ಒಂದು ಕೈ. ಕೆರೆ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ಅಷ್ಟು ದೂರದಿಂದ ಬರ್ತಾವಂದ್ರ ಒಂದ ಹಾರೂದಿಲ್ಲ ನೋಡು ತಮ್ಮಾ. ಗುಂಪು ಕಟಗೊಂಡ ಬರ್ತಾವು."

ಇನ್ನೊಂದು ಘಟನೆ. ಮುಂಡರಗಿಯಿಂದ ಒಳಗಿನ ಒಂದು ಹಳ್ಳಿಗೆ ಹೋಗಿದ್ದೆ. ವಾಪಸ್ ಬರುವಾಗ ಮಳೆ. ನಮ್ಮ ಕಡೆಯ ಎರೆಭೂಮಿ ಮಳೆಗೆ ಹೇಗಾಗುತ್ತೆ ಅಂತ ಆ ಭಾಗದವರಿಗೆ ಗೊತ್ತು. ಅಂಟು ಅಂದ್ರೆ ಅಂಟು. ಗಾಡಿಯ ಪುಟ್ಟ ಚಕ್ರ ಅರ್ಧ ಹೂತುಹೋಯ್ತು. ರಾತ್ರಿ ಒಂಬತ್ತು ಗಂಟೆ. ಒಬ್ಬ ರೈತ ಹೊಲದಿಂದ ಮನೆಗೆ ಹೊರಟವನು ನೋಡಿದ. ಏನೂ ಕೇಳಲಿಲ್ಲ. ಮನೆಗೆ ಹೋಗಿ, ಕಟ್ಟಿದ್ದ ಎತ್ತು ಬಿಚ್ಚಿಕೊಂಡು, ಹಗ್ಗ ತಗೊಂಡು ಬಂದ. ಎರಡು ಎತ್ತು ಸೇರಿ ಗಾಡಿಯನ್ನು ಡಾಂಬರು ರಸ್ತೆಗೆ ಎಳೆದು ನಿಲ್ಲಿಸಿದವು. ನೂರು ರೂಪಾಯಿ ಕೊಡೋಕೆ ಹೋದೆ. ಆತ ಮುಟ್ಟಲಿಲ್ಲ. "ಎತ್ತು ನನ್ನವು ಅಂದ್ರ ನನಗಷ್ಟ ಏನ್ರಿ? ಹೊತ್ತಿಗೆ ಬಂದ್ರ ಎತ್ತು, ಇಲ್ಲಂದ್ರ ಬರೇ ದನ" ಅಂದ.

ವೇದಿಕೆ ಮೇಲೆ ನಾನು ಇಲ್ಲಿಗೆ ನಿಲ್ಲಿಸ್ತೀನಿ. ಚಪ್ಪಾಳೆ ಬೀಳುತ್ತೆ. ಇನ್ನು ಹೇಳೋದು, ಹೇಳದೇ ಉಳಿಸಿಕೊಂಡ ಭಾಗ.

2006ರ ಮಳೆಗಾಲ. ಓಣಿಯ ಒಬ್ಬ ಹೆಣ್ಣುಮಗಳಿಗೆ ರಾತ್ರಿ ಹೆರಿಗೆ ನೋವು. ಅತ್ತೆ ಬಂದು ಬಾಗಿಲು ಬಡಿದರು, "ಗಾಡಿ ಐತೇನ್ರಿ?" ಓಡಿದೆವು. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಹೆರಿಗೆ ಆಯ್ತು. ತಾಯಿ, ಮಗು ಇಬ್ಬರೂ ಕ್ಷೇಮ. ಓಣಿಗೆಲ್ಲ ಸಕ್ಕರೆ ಹಂಚಿದರು. ಆದರೆ ಹಿಂದಿನ ಸೀಟು ಕಲೆಯಾಗಿತ್ತು. ತೊಳೆದೆ, ಉಜ್ಜಿದೆ, ಹೋಗಲಿಲ್ಲ. ಹೇಳೋಕೆ ನಾಚಿಕೆ ಆಗುತ್ತೆ, ಆ ಕಲೆ ನೋಡಿದಾಗೆಲ್ಲ ನನಗೆ ಬದುಕಿದ ಎರಡು ಜೀವ ನೆನಪಾಗ್ತಿರಲಿಲ್ಲ. ಹಾಳಾದ ಸೀಟು ಕಾಣ್ತಿತ್ತು.

ಅದೇ ವರ್ಷ ಡಿಸೆಂಬರ್. ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ಗಂಡಿನ ಕಡೆಯವರು ಬರ್ತಾರೆ, ಗಾಡಿ ಚೆಂದ ಕಾಣಬೇಕು ಅಂತ ಹಿಂದಿನ ದಿನ ಹೊಸ ಸೀಟ್ ಕವರ್ ಹಾಕಿಸಿದೆ. ಕೆನೆ ಬಣ್ಣದ್ದು. 1,400 ರೂಪಾಯಿ. ರಾತ್ರಿ ಮನೆಗೆ ತಂದು ನಿಲ್ಲಿಸಿದಾಗ ಅಜ್ಜ ಕಟ್ಟೆಯಿಂದ ಇಳಿದು ಬಂದು ಒಳಗೆ ಇಣುಕಿ ನೋಡಿದರು. "ಬಂಗಾರದಂಗ ಕಾಣತೈತಿ ತಮ್ಮಾ" ಅಂದರು.

ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದ ಸದ್ದು. ಅಜ್ಜನ ಮಗ. ಮೈಮೇಲೆ ಅಂಗಿ ಇಲ್ಲ. "ಅಣ್ಣಾರ, ಗಾಡಿ ಐತೇನ್ರಿ? ಅಪ್ಪ ರಕ್ತ ಕಾರಾಕತ್ತಾನ್ರಿ. ಲಗೂನ ಬರ್ರಿ."

ರಕ್ತ ಅನ್ನೋ ಶಬ್ದ ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಏನು ಗೊತ್ತಾ? ಅಜ್ಜನ ಮುಖ ಅಲ್ಲ. ಕೆನೆ ಬಣ್ಣದ ಸೀಟ್ ಕವರ್.

ನಾನಂದೆ, "ಅಯ್ಯೋ, ಬ್ಯಾಟ್ರಿ ಡೌನ್ ಆಗೇತಲ್ಲೋ. ಗಾಡಿ ಚಾಲೂ ಆಗೂದಿಲ್ಲ."

ಆತ ಒಂದು ಕ್ಷಣವೂ ಯೋಚಿಸಲಿಲ್ಲ. "ತಳ್ಳತೀವ್ರಿ ಅಣ್ಣಾರ. ನಾಕು ಮಂದಿ ಅದೀವಿ. ತಳ್ಳಿದ್ರ ಚಾಲೂ ಆಕ್ಕೈತಿ."

ನಾನು ಇನ್ನೊಂದು ಸುಳ್ಳು ಹೇಳಿದೆ. "ಪೆಟ್ರೋಲೂ ಇಲ್ಲೋ ಮಾರಾಯಾ."

ಆತ ಮತ್ತೇನೂ ಹೇಳದೆ ಸ್ಟೇಷನ್ ಕಡೆಗೆ ಓಡಿದ. ನಾನು ಬಾಗಿಲು ಹಾಕಿ ಒಳಗೆ ಬಂದೆ. ಕತ್ತಲಲ್ಲಿ ಮನೆಯವಳು ಎದ್ದು ಕೂತಿದ್ದಳು. "ಬ್ಯಾಟ್ರಿ ಛಲೋ ಐತೆಲ್ರಿ?" ಅಂದಳು. "ಸುಮ್ನ ಮಲಕೋ" ಅಂದೆ. ಅವಳು ಮಲಗಲಿಲ್ಲ. ಎದ್ದು ಎದುರು ಮನೆಗೆ ಹೋದಳು. ನಾನು ಹೋಗಲಿಲ್ಲ. ಹೋದ್ರೆ ಗಾಡಿ ದಾಟಿಕೊಂಡೇ ಹೋಗಬೇಕಲ್ಲ.

ಟಂಟಂ ಒಂದು ಸಿಕ್ಕಿ ಬರೋಕೆ ಮುಕ್ಕಾಲು ಗಂಟೆ ಆಯ್ತು. ಗದಗಿನಲ್ಲಿ ನೋಡಿ ಹುಬ್ಬಳ್ಳಿಗೆ ಹೋಗಿ ಅಂದರಂತೆ. ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಅಣ್ಣಿಗೇರಿ ದಾಟುವಷ್ಟರಲ್ಲಿ ಅಜ್ಜನ ಉಸಿರು ನಿಂತಿತ್ತು.

ನಾನು ಗಾಡಿ ತೆಗೆದಿದ್ರೆ ಅಜ್ಜ ಬದುಕ್ತಿದ್ರಾ? ಗೊತ್ತಿಲ್ಲ. ಬದುಕದೇ ಇರಬಹುದಿತ್ತು. ಆಮೇಲೆ ಪರಿಚಯದ ವೈದ್ಯರೊಬ್ಬರನ್ನು ಯಾರದೋ ಕಥೆ ಅನ್ನೋ ಹಾಗೆ ಕೇಳಿದೆ. "ಇಂಥ ಹೊತ್ತಿನಲ್ಲಿ ಒಂದೊಂದು ನಿಮಿಷಕ್ಕೂ ಲೆಕ್ಕ ಇದೆ" ಅಂದರು. ನಾನು ಕಳೆದದ್ದು ನಲವತ್ತೈದು ನಿಮಿಷ.

ಬೆಳಗ್ಗೆ ಎದುರು ಮನೆಯ ಮುಂದೆ ಅಜ್ಜನನ್ನು ಕೂರಿಸಿದ್ದರು. ಅವರು ದಿನಾ ಕೂರ್ತಿದ್ದ ಅದೇ ಕಟ್ಟೆ. ನಿಶ್ಚಿತಾರ್ಥಕ್ಕೆ ಹೋಗಲೇಬೇಕಿತ್ತು. ಗಾಡಿ ಚಾಲೂ ಮಾಡೋದು ಹೇಗೆ? ಬ್ಯಾಟರಿ ಡೌನ್ ಆಗಿದೆ ಅಂದಿದ್ದೀನಲ್ಲ! ಬಸ್ಸು ಹತ್ತಿ ಹೋದೆವು. ಊರಲ್ಲಿ ಅಪ್ಪ ಕೇಳಿದರು, "ಗಾಡಿ ಎಲ್ಲೈತೋ?" ಅವರಿಗೂ ಅದೇ ಸುಳ್ಳು. ಆಮೇಲೂ ಹತ್ತು ದಿನ ಗಾಡಿ ಮುಟ್ಟಲಿಲ್ಲ. ಮುಂಡರಗಿಗೆ ಬಸ್ಸು, ಶಿರಹಟ್ಟಿಗೆ ಬಸ್ಸು. ಒಂದು ಸುಳ್ಳನ್ನು ನಿಜ ಮಾಡೋದಕ್ಕೆ ಎಷ್ಟು ಕಷ್ಟಪಡಬೇಕು ಅನ್ನೋದು ಆಗ ಗೊತ್ತಾಯ್ತು. ಹೊಸ ಸೀಟಿನ ಮೇಲೆ ಯಾರೂ ಕೂರಲಿಲ್ಲ. ಗಾಡಿ ಮೇಲೆ ಧೂಳು ಕೂತಿತು, ಒರೆಸೋರು ಇರಲಿಲ್ಲ.

ಅಜ್ಜನ ದಿನಕಾರ್ಯ ಮುಗಿದ ಮರುದಿನ ಬೆಳಗ್ಗೆ ಮತ್ತೆ ಬಾಗಿಲು ಬಡಿದರು. ಅಜ್ಜನ ಮಗ. ತಲೆ ಬೋಳಿಸಿದ್ದ. ಜೊತೆಗೆ ಒಬ್ಬ ಫಿಟ್ಟರ್, ಕೈಯಲ್ಲಿ ಒಂದು ಬ್ಯಾಟರಿ, ಎರಡು ವೈರು. ಆತ ಹೇಳಿದ, "ಅಣ್ಣಾರ, ಅವತ್ತು ಗಾಡಿ ಕೈ ಕೊಡ್ತು ಅಂತ ನಿಮಗ ಭಾಳ ಬ್ಯಾಸರ ಆಗಿರಬೇಕ್ರಿ. ಅಪ್ಪಾಗ ಈ ಗಾಡಿ ಮ್ಯಾಲ ಭಾಳ ಜೀವ ಇತ್ತು. ಹಿಂಗ ನಿಂತಿದ್ದು ನೋಡಾಕ ಆಗವಲ್ದು. ಚಾಲೂ ಮಾಡಿಸಿ ಕೊಡ್ತೀನಿ, ಚಾವಿ ಕೊಡ್ರಿ."

ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಚಾವಿ ಕೊಟ್ಟೆ. ಫಿಟ್ಟರ್ ಬಾನೆಟ್ ಎತ್ತಿದ. ವೈರು ಹಚ್ಚೋ ಮುಂಚೆ, ಒಮ್ಮೆ ನೋಡೋಣ ಅಂತ ಸುಮ್ಮನೆ ಚಾವಿ ತಿರುಗಿಸಿದ. ಒಂದೇ ಸೆಲ್ಫಿಗೆ ಗಾಡಿ ಚಾಲೂ ಆಯ್ತು. "ಏ, ಬ್ಯಾಟ್ರಿ ಏನೂ ಆಗಿಲ್ಲಲೇ. ಛಲೋ ಐತಿ. ಪೆಟ್ರೋಲೂ ಐತಿ" ಅಂದ.

ಅಜ್ಜನ ಮಗ ನನ್ನ ಮುಖ ನೋಡಿದ. ಆಮೇಲೆ ಹಿಂದಿನ ಸೀಟು ನೋಡಿದ. ಹೊಸ ಕವರ್. ಆತ ಬೈಯಲಿಲ್ಲ. ಒಂದು ಮಾತೂ ಆಡಲಿಲ್ಲ. ನೆಲದ ಮೇಲಿದ್ದ ವೈರನ್ನು ಕೈಗೆ ಸುತ್ತಿಕೊಂಡು, ಬ್ಯಾಟರಿ ಎತ್ತಿಕೊಂಡು ಹೊರಟುಹೋದ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು.

ಅವತ್ತಿನಿಂದ ನನ್ನ ಬಾಗಿಲಿಗೆ ಬಂದು "ಗಾಡಿ ಐತೇನ್ರಿ?" ಅಂತ ಯಾರೂ ಕೇಳಲಿಲ್ಲ. ಯಾರೂ ಮಾತು ಬಿಡಲಿಲ್ಲ, ಜಗಳ ಮಾಡಲಿಲ್ಲ. ದಸರೆಗೆ ಬನ್ನಿ ಕೊಟ್ಟರು, ಮದುವೆಗೆ ಕರೆದರು. ಆದರೆ ಗಾಡಿ ಕೇಳಲಿಲ್ಲ. ಅದು ಓಣಿಯ ಗಾಡಿಯಾಗಿ ಉಳಿಯಲಿಲ್ಲ, ಬರೀ ನನ್ನ ಗಾಡಿಯಾಯ್ತು. ಮುಂಡರಗಿಯ ಆ ರೈತ ಹೇಳಿದ್ದನಲ್ಲ, ಹೊತ್ತಿಗೆ ಬರದಿದ್ರೆ ಬರೇ ದನ ಅಂತ? ಹಾಗಾಯ್ತು. 2009ರಲ್ಲಿ ಬೆಂಗಳೂರಿಗೆ ಬರುವಾಗ 40 ಸಾವಿರಕ್ಕೆ ಮಾರಿಬಿಟ್ಟೆ.

ವೀಕ್ಷಕರೇ, ಈ ಕುರ್ಚಿಯಲ್ಲಿ ಕೂತು ನಾನು ದಿನಾ ಓದೋ ಸುದ್ದಿಗಳಲ್ಲಿ ಒಂದು ಸಾಲು ಪದೇಪದೇ ಬರುತ್ತೆ. "ಸಕಾಲಕ್ಕೆ ಚಿಕಿತ್ಸೆ ಸಿಗದೆ ಸಾವು." ನಾವು ಕೂಗ್ತೀವಿ. ಆ್ಯಂಬುಲೆನ್ಸ್ ಎಲ್ಲಿ ಹೋಗಿತ್ತು, ಸರ್ಕಾರ ಏನು ಮಾಡ್ತಿತ್ತು ಅಂತ ಕೇಳ್ತೀವಿ. ಕೇಳಲೇಬೇಕು, ಅದು ನಮ್ಮ ಕೆಲಸ. ಆದರೆ ಆ ಸಾಲನ್ನು ಓದಿದಾಗೆಲ್ಲ ನನ್ನ ನಾಲಿಗೆ ಒಂದು ಕ್ಷಣ ತಡೆಯುತ್ತೆ. ಸಕಾಲಕ್ಕೆ ಸಿಗದ ವಾಹನ ಒಂದು ಕಾಲಕ್ಕೆ ನನ್ನ ಮನೆ ಮುಂದೆಯೇ ನಿಂತಿತ್ತಲ್ಲ.

ಆಗ 108 ಇರಲಿಲ್ಲ. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್ 1ಕ್ಕೆ. ಗದಗಿನಲ್ಲಿ ಈಗ ವೈದ್ಯಕೀಯ ಕಾಲೇಜೇ ಇದೆ. ಅವತ್ತಿಗೂ ಇವತ್ತಿಗೂ ಬಹಳ ಬದಲಾಗಿದೆ. ಒಪ್ಪುತ್ತೇನೆ. ಆದರೆ ಆ್ಯಂಬುಲೆನ್ಸ್ ದೂರ ಇದ್ದಾಗ, ಇನ್ನೊಂದು ಕರೆಗೆ ಹೋಗಿದ್ದಾಗ, ಪಕ್ಕದ ಮನೆಯ ಗಾಡಿಯೇ ಆ್ಯಂಬುಲೆನ್ಸ್.

2016ರ ಫೆಬ್ರವರಿ ನೆನಪಿದೆಯಾ? ಬೆಂಗಳೂರು ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ ಹರೀಶ್ ಅನ್ನೋ ಯುವಕ ಲಾರಿಗೆ ಸಿಕ್ಕಿ ದೇಹ ತುಂಡಾಗಿ ಬಿದ್ದಿದ್ದ. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಆ ಘಟನೆಯ ನಂತರ ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗಿನ ಖರ್ಚನ್ನು ಸರ್ಕಾರವೇ ಕೊಡೋ ಯೋಜನೆ ಅದು.

ಅದೇ 2016ರಲ್ಲಿ ನಮ್ಮ ವಿಧಾನಮಂಡಲ, ಅಪಘಾತದಲ್ಲಿ ನೆರವಾದವರನ್ನು ರಕ್ಷಿಸೋ ಮಸೂದೆ ಪಾಸು ಮಾಡಿತು. ಇಂಥ ಕಾನೂನು ತಂದ ಮೊದಲ ರಾಜ್ಯ ನಮ್ಮದು. ಆಮೇಲೆ 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೇ 134ಎ ಅನ್ನೋ ಕಲಂ ಸೇರಿಸಿದರು. ಅರ್ಥ ಏನು? ಅಪಘಾತದಲ್ಲಿ ಗಾಯಗೊಂಡವರಿಗೆ ನೀವು ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದ್ರೆ, ಆಮೇಲೆ ಅವರಿಗೆ ಏನಾದರೂ ಹೆಚ್ಚುಕಡಿಮೆ ಆದ್ರೂ ನಿಮ್ಮ ಮೇಲೆ ಕೇಸಿಲ್ಲ. ಆಸ್ಪತ್ರೆಗೆ ಮುಟ್ಟಿಸಿ ನೀವು ಹೊರಟುಬರಬಹುದು. ಹೆಸರು, ವಿಳಾಸ ಹೇಳಲೇಬೇಕು ಅಂತ ಪೊಲೀಸರು ಒತ್ತಾಯ ಮಾಡೋ ಹಾಗಿಲ್ಲ. ಸಾಕ್ಷಿ ಹೇಳೋದು ಬಿಡೋದು ನಿಮ್ಮ ಇಷ್ಟ. ದಯವಿಟ್ಟು ಇದನ್ನು ನಾಲ್ಕು ಜನಕ್ಕೆ ಹೇಳಿ. ಎಷ್ಟೋ ಮಂದಿ ಕೋರ್ಟು ಕಚೇರಿ ಭಯದಿಂದಲೇ ಗಾಡಿ ನಿಲ್ಲಿಸದೆ ಹೋಗ್ತಾರೆ. ಆ ಭಯಕ್ಕೆ ಇನ್ನು ಕಾರಣವಿಲ್ಲ.

ಆದರೆ ನನ್ನ ವಿಷಯದಲ್ಲಿ ಕಾನೂನಿನ ನೆಪ ಹೇಳೋಕೂ ಆಗೋದಿಲ್ಲ. ಅದು ಅಪಘಾತ ಅಲ್ಲ, ಪೊಲೀಸ್ ಕೇಸೂ ಅಲ್ಲ. ಎದುರು ಮನೆಯ ಅಜ್ಜ. ನನ್ನ ಗಾಡಿಯನ್ನು ಎರಡು ವರ್ಷ ಕಾಯ್ದ ಅಜ್ಜ. ನನ್ನನ್ನು ತಡೆದದ್ದು 1,400 ರೂಪಾಯಿಯ ಬಟ್ಟೆ. ಸೀಟಿನ ಮೇಲಿನ ಕಲೆಗೆ ಯಾವ ಸರ್ಕಾರ ಕಾನೂನು ಮಾಡೋಕಾಗುತ್ತೆ ಹೇಳಿ?

ಸೊಸೈಟಿಯ ಸಾಲ ತಗೊಂಡು ಕೊಂಡ ಗಾಡಿ ಅದು. ನಾಲ್ಕು ಮಂದಿಯ ದುಡ್ಡು ನನ್ನ ಹೊತ್ತಿಗೆ ಬಂತು. ಅವರ ಹೊತ್ತಿಗೆ ನಾನು ಬರಲಿಲ್ಲ. ಆಗಲೇ ಹೇಳಿದೆನಲ್ಲ, ಆ ಮಾತು ಚುಚ್ಚುತ್ತೆ ಅಂತ. ಇದೇ ಅದು.

ಈಗ ಆ ಫೋನಿನ ವಿಷಯ. ನಿನ್ನೆ ಮಾತಾಡಿದ್ದು ಅಜ್ಜನ ಮಗನ ಜೊತೆಗೆ. ಇಷ್ಟು ವರ್ಷ ಕ್ಷೇಮಸಮಾಚಾರ ಬಿಟ್ಟು ಆ ರಾತ್ರಿಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ನಾನು ಹೇಳಿದೆ, "ಅವತ್ತು ನಾನು ಸುಳ್ಳು ಹೇಳಿದ್ದೆ. ಅದನ್ನು ಟಿ.ವಿ.ಯಲ್ಲಿ ಹೇಳಬೇಕು ಅಂತಿದೀನಿ. ನಿನ್ನ ಅಡ್ಡಿ ಇಲ್ಲಾಂದ್ರೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಗ್ಗದ ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ ಅದೂ ನಿಂತಿತು. "ಹೇಳ್ರಿ ಅಣ್ಣಾರ. ಅಪ್ಪನ ಹೆಸರು ಮಾತ್ರ ಬ್ಯಾಡ" ಅಂದ.

ಕ್ಷಮಿಸಿದ್ದೀನಿ ಅಂತ ಆತ ಹೇಳಲಿಲ್ಲ. ಕೇಳೋ ಧೈರ್ಯ ನನಗೂ ಆಗಲಿಲ್ಲ. ಫೋನ್ ಇಡೋ ಮುಂಚೆ ಆತನೇ ಒಂದು ಮಾತು ಹೇಳಿದ. "ಈಗ ನಮ್ಮನ್ಯಾಗೂ ಒಂದು ಗಾಡಿ ಐತ್ರಿ. ಹಳೀದು. ರಾತ್ರಿ ಅರ್ಧ ಟಾಕಿ ಪೆಟ್ರೋಲ್ ಇರ್ಲಾರ್ದ ನಿಲ್ಸೂದಿಲ್ಲ. ಚಾವಿ ಬಾಗಲ ಹಿಂದಿನ ಗೂಟಕ್ಕ ಹಾಕಿರ್ತೀವಿ. ಯಾರಿಗೆ ಬೇಕಾದ್ರೂ ಬಂದು ಒಯ್ತಾರ. ಓಣ್ಯಾಗ ಎಲ್ಲಾರಿಗೂ ಗೊತ್ತೈತಿ."

ನಿಮ್ಮ ಮನೆ ಮುಂದೆಯೂ ಇವತ್ತು ರಾತ್ರಿ ಒಂದು ಗಾಡಿ ನಿಂತಿರಬಹುದು. ಮಲಗೋ ಮುಂಚೆ ಅದರ ಚಾವಿ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ಅಕ್ಕಪಕ್ಕದ ಮನೆಯಲ್ಲಿ ವಯಸ್ಸಾದವರು, ತುಂಬು ಬಸುರಿಯರು ಇದ್ರೆ ಬೆಳಗ್ಗೆ ಹೋಗಿ ಒಂದು ಮಾತು ಹೇಳಿಬನ್ನಿ, "ನಮ್ಮ ಗಾಡಿ ಐತ್ರಿ, ಯಾವ ಹೊತ್ತಿನ್ಯಾಗ ಬೇಕಾದ್ರೂ ಬಾಗಲಾ ಬಡೀರಿ" ಅಂತ.